ಉಗ್ರಾಣದ ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ನನಗೆ 29, ನಾನು ಮದುವೆಯಾಗಲಿರುವ ಹುಡುಗನಿಗೆ 32. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ನನ್ನ ಊರು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ, ಅವರದು ಧಾರವಾಡ. ನಾವು ಒಕ್ಕಲಿಗರು, ಅವರು ಲಿಂಗಾಯತರು. ಎರಡೂ ಮನೆಯವರು ಒಪ್ಪಿದ್ದಾರೆ. ಮದುವೆ ಖರ್ಚು ಹೆತ್ತವರ ತಲೆಗೆ ಕಟ್ಟಬಾರದು, ಸಾಲವನ್ನೂ ಮಾಡಬಾರದು ಎಂದು ಇಬ್ಬರೂ ಸೇರಿ 9 ಲಕ್ಷ ರೂಪಾಯಿ ಕೂಡಿಟ್ಟಿದ್ದೇವೆ. 200 ಜನ ಸಾಕು ಎಂಬುದು ನಮ್ಮ ಲೆಕ್ಕ. ಅಪ್ಪ 800ಕ್ಕೆ ಕಮ್ಮಿ ಆಗಲ್ಲ ಎನ್ನುತ್ತಾರೆ. ಹುಡುಗನ ಕಡೆಯವರು ಮಾಂಸ ಮುಟ್ಟುವುದಿಲ್ಲ, ನಮ್ಮಲ್ಲಿ ಮದುವೆ ಆದ ಮೇಲಿನ ಬಾಡೂಟ, ಅಂದರೆ ಬೀಗರ ಊಟ, ಬಿಡುವಂತಿಲ್ಲ. ಇವೆಂಟ್ ಮ್ಯಾನೇಜ್‌ಮೆಂಟ್‌ನವರಿಗೆ ಕೊಡದೆ ನಾವೇ ನಿಂತು ಮಾಡಿಕೊಳ್ಳಬಹುದೇ? ಮಂತ್ರಮಾಂಗಲ್ಯ ಆದರೆ ಎಲ್ಲ ಸುಲಭ ಎಂದು ಗೆಳೆಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಶುರು ಮಾಡಬೇಕಾದ್ದು ಮಂಟಪದಿಂದ ಅಲ್ಲ, ಸೀರೆಯಿಂದಂತೂ ಅಲ್ಲ. ನಿಮ್ಮ ತಂದೆಯವರ ಮುಯ್ಯಿ ಪುಸ್ತಕದಿಂದ, ಅಂದರೆ ಮದುವೆಗಳಲ್ಲಿ ಬಂದ ಉಡುಗೊರೆಯ ಲೆಕ್ಕ ಬರೆದಿಟ್ಟ ಪುಸ್ತಕದಿಂದ.

ಹಾಸನದಲ್ಲಿ ಒಂದು ಕಲ್ಯಾಣ ಮಂಟಪದ ಉಸ್ತುವಾರಿಯನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು ನಾನು. ತಾವೇ ದುಡಿದ ದುಡ್ಡಿನಲ್ಲಿ ತಾವೇ ಮದುವೆ ಮಾಡಿಕೊಳ್ಳುವ ಹುಡುಗ ಹುಡುಗಿಯರು ಹತ್ತು ವರ್ಷದಿಂದೀಚೆಗೆ ಹೆಚ್ಚಾಗಿದ್ದಾರೆ. ಅವರು ಮುಂಗಡ ಕೊಡಲು ಬರುವಾಗ ಕೈಯಲ್ಲಿ ಒಂದು ಎಕ್ಸೆಲ್ ಹಾಳೆ ಇರುತ್ತದೆ. ಹೂವಿಗೆ ಇಷ್ಟು, ಫೋಟೊಗೆ ಇಷ್ಟು, ಮೇಕಪ್‌ಗೆ ಇಷ್ಟು ಎಂದು ಎಲ್ಲ ಬರೆದಿರುತ್ತದೆ. 'ಎಷ್ಟು ಎಲೆ?' ಎಂದು ನಾನು ಕೇಳಿದ ತಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಎಷ್ಟು ಜನ ಉಣ್ಣುತ್ತಾರೆ ಎನ್ನುವುದು ತೀರ್ಮಾನವಾಗದೆ ಆ ಹಾಳೆಯ ಒಂದು ಸಾಲೂ ನಿಲ್ಲುವುದಿಲ್ಲ. ಮಂಟಪದ ಅಳತೆ, ಅಡುಗೆಯವರ ದರ, ತಾಂಬೂಲದ ತೆಂಗಿನಕಾಯಿ, ಕುಡಿಯುವ ನೀರು, ನಿಲ್ಲಿಸಬೇಕಾದ ಗಾಡಿ, ಎಲ್ಲವೂ ಆ ಒಂದು ಸಂಖ್ಯೆಯ ಹಿಂದೆ ಬರುತ್ತವೆ.

ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಅಡುಗೆಯವರು ಎಲೆಗೆ 300 ರೂಪಾಯಿ ಹೇಳಿದರು ಎಂದಿಟ್ಟುಕೊಳ್ಳಿ. ಮುಹೂರ್ತದ ಊಟಕ್ಕೆ 800 ಎಲೆ ಎಂದರೆ 2,40,000. ಹಿಂದಿನ ಸಂಜೆ ಆರತಕ್ಷತೆಗೆ 500 ಎಲೆ, 1,50,000. ಬೆಳಗಿನ ತಿಂಡಿ 200 ಜನಕ್ಕೆ ನೂರರಂತೆ 20,000. ಅಲ್ಲಿಗೆ 4,10,000. ಬಿಲ್ಲು ಕೊಡುವ ಕೇಟರಿಂಗ್‌ನವರಾದರೆ ಶೇ. 5 ಜಿಎಸ್‌ಟಿ ಸೇರಿ 4,30,500. ನೀವು ಕೂಡಿಟ್ಟ 9 ಲಕ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಹಣ ಎಲೆಯ ಮೇಲೆಯೇ ಹೋಯಿತು, ಇನ್ನೂ ಒಂದು ತಾಳಿ ತಂದಿಲ್ಲ. 800 ಜನ ಎಂದರೆ ಹೊತ್ತಿನ ಲೆಕ್ಕವೂ ಬದಲಾಗುತ್ತದೆ. ನಮ್ಮ ಕಡೆಯ ಸಾಧಾರಣ ಮಂಟಪದ ಊಟದ ಮನೆಯಲ್ಲಿ ಒಂದು ಪಂಕ್ತಿಗೆ 200 ಜನ ಕೂರಬಹುದು. ಎಲೆ ಹಾಕಿ, ಬಡಿಸಿ, ಉಂಡು, ಎತ್ತಿ, ಒರೆಸಿ ಮತ್ತೆ ಎಲೆ ಹಾಕುವ ಹೊತ್ತಿಗೆ 40ರಿಂದ 45 ನಿಮಿಷ. ನಾಲ್ಕು ಪಂಕ್ತಿಗೆ ಮೂರು ಗಂಟೆ. ಹನ್ನೆರಡಕ್ಕೆ ಶುರುವಾದರೆ ಕೊನೆಯ ಪಂಕ್ತಿ ಕೂರುವುದು ಎರಡೂಕಾಲಿಗೆ, ಅಷ್ಟು ಹೊತ್ತಿಗೆ ಮಂಟಪದವರು ಗಡಿಯಾರ ನೋಡಲು ಶುರು ಮಾಡಿರುತ್ತಾರೆ. ಮೂರನೇ ಪಂಕ್ತಿಯ ಜನ ಉಣ್ಣುತ್ತಿರುವವರ ಬೆನ್ನ ಹಿಂದೆಯೇ ಬಂದು ನಿಲ್ಲುವುದನ್ನು ನೀವೂ ನೋಡಿರುತ್ತೀರಿ.

ಹಾಗಾದರೆ 200ಕ್ಕೇ ಗಟ್ಟಿಯಾಗಿ ನಿಂತುಬಿಡೋಣವೇ? ಅವಸರ ಬೇಡಮ್ಮ. ನಿಮ್ಮ ತಂದೆಯವರ 800 ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಕೇಳಿ. ಅದು ಬರೀ ಜಂಬದ ಸಂಖ್ಯೆ ಆಗಿರಲಾರದು. ಮೂವತ್ತು ವರ್ಷ ಅವರು ಇನ್ನೊಬ್ಬರ ಮನೆಯ ಚಪ್ಪರದಡಿ ಕೂತು ಉಂಡಿದ್ದಾರೆ, ಮುಯ್ಯಿ ಹಾಕಿದ್ದಾರೆ. ನಿಮ್ಮ ಅಕ್ಕನ ಮದುವೆಯೋ ಚಿಕ್ಕಪ್ಪನ ಮದುವೆಯೋ ಆದಾಗ ಅವರೆಲ್ಲ ಬಂದು ಹಾಕಿ ಹೋಗಿದ್ದಾರೆ. ನೂರಾ ಒಂದು, ಇನ್ನೂರೈವತ್ತು, ಸ್ಟೀಲ್ ಬೋಸಿ ಎಂದು ಹೆಸರಿನ ಮುಂದೆ ಬರೆದಿಟ್ಟ ಪುಸ್ತಕ ಟ್ರಂಕಿನ ತಳದಲ್ಲಿ ಎಲ್ಲೋ ಇರುತ್ತದೆ. ಹಳ್ಳಿಯಲ್ಲಿ ಅದು ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. 'ನಮ್ಮ ಮದುವೆ, ನಮ್ಮ ದುಡ್ಡು, ನಮ್ಮ ಪಟ್ಟಿ' ಎಂದು ನೀವು ಹೇಳಿದರೆ, ಆ ಖಾತೆಯನ್ನು ಅರ್ಧಕ್ಕೇ ಮುಚ್ಚು ಎಂದ ಹಾಗೆ ಅವರ ಕಿವಿಗೆ ಕೇಳಿಸುತ್ತದೆ.

ಆದ್ದರಿಂದ ಒಂದು ಭಾನುವಾರ ಊರಿಗೆ ಹೋಗಿ ಆ ಪುಸ್ತಕ ಇಟ್ಟುಕೊಂಡು ತಂದೆಯವರ ಪಕ್ಕ ಕೂರಿ. ಹೆಸರು ಓದುತ್ತಾ ಹೋಗಿ, ಮೂರು ಗುರುತು ಹಾಕಿ. ಧಾರೆಯ ಹೊತ್ತಿಗೆ ಪಕ್ಕದಲ್ಲಿ ಇರಲೇಬೇಕಾದವರು ಯಾರು? ಕರೆದು ಒಂದು ಹೊತ್ತು ಊಟ ಹಾಕಲೇಬೇಕಾದವರು ಯಾರು? ಸುದ್ದಿ ಮುಟ್ಟಿಸಿದರೆ ಸಾಕು ಎನ್ನುವವರು ಯಾರು? ನಾನು ಕಂಡ ಹಾಗೆ ಮೊದಲನೆಯ ಗುರುತು ನೂರರ ಸುತ್ತಮುತ್ತ ನಿಂತುಬಿಡುತ್ತದೆ. ಎರಡನೆಯದೇ ಉದ್ದ. ಎರಡನೆಯ ಗುರುತಿನವರಿಗೆ ಮಂಟಪವೇ ಆಗಬೇಕೆಂದಿಲ್ಲ, ಊರಲ್ಲಿ ಊಟ ಹಾಕಿದರೂ ಋಣ ತೀರುತ್ತದೆ. ನಿಮ್ಮ ಬೀಗರ ಊಟದ ಪ್ರಶ್ನೆಗೂ ಇಲ್ಲೇ ದಾರಿ ಸಿಗುತ್ತದೆ.

ನಿಮ್ಮದು ಬೀಗರೇ ತಿನ್ನದ ಬೀಗರ ಊಟ! ಹಾಗಂತ ಅದನ್ನು ಬಿಡಬೇಡಿ, ಅದರ ಜಾಗ ಬದಲಾಯಿಸಿ. ಮದುವೆ ಮುಗಿದ ಮುಂದಿನ ಭಾನುವಾರ, ನಿಮ್ಮ ಊರಲ್ಲಿ, ಮನೆ ಮುಂದೆ ಶಾಮಿಯಾನ ಹಾಕಿಸಿ, ನಿಮ್ಮ ತಂದೆಯವರ ಯಜಮಾನಿಕೆಯಲ್ಲಿ ನಡೆಯಲಿ. ಸೋಮವಾರ, ಶನಿವಾರ ಬೇಡ, ನಮ್ಮಲ್ಲಿ ಆ ದಿನ ಮುಟ್ಟದವರು ಬಹಳ. ಅಳಿಯ ಮತ್ತು ಅವರ ಮನೆಯ ನಾಲ್ಕೈದು ಜನ ಬಂದರೆ ಅವರಿಗೆ ಒಳಗೆ ಅಡುಗೆಮನೆಯಲ್ಲಿ, ಬೇರೆ ಪಾತ್ರೆಯಲ್ಲಿ, ಬೇರೆ ಕೈಯಿಂದ ಅಡುಗೆ. ಬಾಡೂಟದ ಒಲೆ ಮನೆಯ ಹಿಂದೆ ಹಾಕಿದರೆ ಹೊಗೆ, ವಾಸನೆ ಯಾವ ಕಡೆ ಹೋಗುತ್ತದೆ ಎಂದು ನೋಡಿ ಹಾಕಿಸಿ. ಚಿಕ್ಕ ಮಾತು ಅನ್ನಿಸಬಹುದು, ಆದರೆ ಮೊದಲ ಸಲ ಬಂದ ಬೀಗಿತ್ತಿ ಮೂಗಿಗೆ ಸೆರಗು ಹಿಡಿದು ಕೂತದ್ದನ್ನು ಹತ್ತು ವರ್ಷ ಆಡಿಕೊಂಡ ಮನೆಗಳನ್ನು ನಾನು ಬಲ್ಲೆ.

ಈ ಊಟದ ಖರ್ಚು ನಿಮ್ಮ 9 ಲಕ್ಷದಿಂದ ಬೇಡ. ಅದು ತಂದೆಯವರದು. ಅದಕ್ಕೆ ಬದಲಾಗಿ, ಮಂಟಪದಲ್ಲೂ ಊರಲ್ಲೂ ನಿಮ್ಮ ಕಡೆಯವರು ಹಾಕಿದ ಮುಯ್ಯಿಯನ್ನು ಮುಟ್ಟದೆ ಅವರ ಕೈಗೇ ಕೊಡಿ. ಕವರ್ ಒಡೆದು ಲೆಕ್ಕ ಹಾಕಿ ಫೋಟೊದವರ ಬಾಕಿ ತೀರಿಸೋಣ ಎನ್ನುವ ಯೋಚನೆ ಬಂದೇ ಬರುತ್ತದೆ, ಬಿಟ್ಟುಬಿಡಿ. ಇವತ್ತು ಐನೂರು ಹಾಕಿದವನ ಮಗನ ಮದುವೆಗೆ ಆರುನೂರು ಹಿಡಿದುಕೊಂಡು ಹೋಗಬೇಕಾದವರು ನೀವಲ್ಲ, ಅವರು. ತೀರಿಸುವವರ ಕೈಯಲ್ಲೇ ಆ ಹಣ ಇರಬೇಕು.

ಈ ಏರ್ಪಾಡಿಗೆ ಅವರು ಒಪ್ಪಿದರೆ ಮಂಟಪದ ಲೆಕ್ಕ ಪೂರ್ತಿ ಬದಲಾಗುತ್ತದೆ. ಎರಡೂ ಕಡೆ ಸೇರಿ ಮುಹೂರ್ತಕ್ಕೆ 300 ಎಲೆ, 90,000. ಬೆಳಗ್ಗೆ 150 ಜನಕ್ಕೆ ತಿಂಡಿ, 15,000. ಹಿಂದಿನ ರಾತ್ರಿ ಉಳಿದುಕೊಳ್ಳುವ 120 ಜನಕ್ಕೆ ಇನ್ನೂರರಂತೆ ಊಟ, 24,000. ತೆರಿಗೆ ಸೇರಿ 1,35,450. ದೊಡ್ಡ ಆರತಕ್ಷತೆ ಬೇಡ, ಆಫೀಸಿನವರಿಗೆ ಬೇಕಿದ್ದರೆ ಆಮೇಲೆ ಬೆಂಗಳೂರಲ್ಲಿ ಒಂದು ಸಂಜೆ ಸಣ್ಣದಾಗಿ ಮಾಡಿ. ನೀವು ಹೇಳಿದ 200 ದಾಟಿತಲ್ಲ ಎಂದು ಬೇಸರಪಡಬೇಡಿ. ಧಾರವಾಡದವರಿಗೂ ಒಂದು ಪುಸ್ತಕ ಇರುತ್ತದೆ.

ಅಡುಗೆಯವರ ಹತ್ತಿರ ಮಾತಾಡುವಾಗ ಎರಡು ಸಂಖ್ಯೆ ಕೇಳಿ. ಖಾತರಿ ಎಲೆ ಎಷ್ಟು, ಅದಕ್ಕಿಂತ ಮೇಲೆ ಎಷ್ಟು ಜನಕ್ಕೆ ಸಾಮಾನು ಇಟ್ಟುಕೊಂಡು ಬರುತ್ತಾರೆ? 300 ಬರಬಹುದು ಎನ್ನಿಸಿದರೆ ಖಾತರಿ 250 ಕೊಟ್ಟು, ಮೇಲಿನದು ಎಲೆ ಲೆಕ್ಕದಲ್ಲಿ ಎಂದು ಬರೆಸಿಕೊಳ್ಳಿ. ಖಾತರಿ ಕೊಟ್ಟ ಮೇಲೆ ಜನ ಬರಲಿ ಬಿಡಲಿ ದುಡ್ಡು ಕೊಡಬೇಕು. ಎಲೆ ಎಣಿಸಲು ನಿಮ್ಮ ಕಡೆಯವರೊಬ್ಬರು ಊಟದ ಮನೆಯ ಬಾಗಿಲಲ್ಲಿ ಇರಲಿ. ಇಲ್ಲದಿದ್ದರೆ ಸಂಜೆ ಲೆಕ್ಕದ ಹೊತ್ತಿಗೆ 310 ಎಲೆ 380 ಆಗಿರುತ್ತದೆ, ನಾನಾ ನೀನಾ ಎಂದು ಜಗಳ. ಊಟದಲ್ಲಿ ಎರಡೂ ಸೀಮೆ ಇರಲಿ. ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಮಧ್ಯಾಹ್ನ ನಮ್ಮ ಒಬ್ಬಟ್ಟು, ಕೋಸಂಬರಿ, ಅನ್ನ, ಸಾರು. ರೊಟ್ಟಿ ಬಡಿಯುವವರು ಹಾಸನದ ಅಡುಗೆ ಗುಂಪಿನಲ್ಲಿ ಸಿಗುವುದು ಅಪರೂಪ, ಇಬ್ಬರು ಹೆಂಗಸರನ್ನು ಆ ಕಡೆಯಿಂದಲೇ ಕರೆಸಿಕೊಳ್ಳಿ. ಚಪಾತಿಯನ್ನು ರೊಟ್ಟಿ ಎಂದು ಬಡಿಸಿದರೆ ಧಾರವಾಡದವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಉಣ್ಣುವುದೂ ಇಲ್ಲ.

ಜಾಗದ ವಿಷಯದಲ್ಲಿ ನನ್ನ ಮಾತು ಕೇಳುವುದಾದರೆ ಚನ್ನರಾಯಪಟ್ಟಣ ಬಿಟ್ಟು ಅರಸೀಕೆರೆಯಲ್ಲಿ ಮಂಟಪ ನೋಡಿ. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯ ಜಂಕ್ಷನ್ ಅದು. ಧಾರವಾಡದವರು ಬಸ್ಸಿನಲ್ಲಿ ಏಳೆಂಟು ಗಂಟೆ ಕುಲುಕಿಕೊಂಡು ಬರುವ ಬದಲು ರೈಲಿನಲ್ಲಿ ನೇರ ಇಳಿಯುತ್ತಾರೆ, ನಿಮ್ಮ ಬೆಂಗಳೂರಿನ ಗೆಳೆಯರೂ ಅದೇ ದಾರಿಯಲ್ಲಿ ಬರುತ್ತಾರೆ. ನಿಮ್ಮ ಊರಿನವರಿಗೆ ಒಂದು ಬಸ್ ಮಾಡಿದರೆ ಆಯಿತು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಮೊದಲು 120 ದಿನ ಇತ್ತು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವರ ಕಡೆಯ ಯಾರಾದರೂ ಚುರುಕಿನ ಹುಡುಗನಿಗೆ ಒಪ್ಪಿಸಿ.

ಮಂಟಪಕ್ಕೆ ಹೋದಾಗ ಬಾಡಿಗೆ ಎಷ್ಟು ಎಂದು ಕೊನೆಯಲ್ಲಿ ಕೇಳಿ. ಮೊದಲು ಕೇಳಬೇಕಾದ್ದು ಬೇರೆ. ಕರೆಂಟು ಮೀಟರ್ ಓದಿ ಬೇರೆ ಹಾಕುತ್ತೀರಾ? ಜನರೇಟರ್ ಡೀಸೆಲ್ ಯಾರದು? ಸ್ವಚ್ಛತೆಗೆ, ಕಸಕ್ಕೆ ಬೇರೆ ದುಡ್ಡೇ? ನಮ್ಮ ಅಡುಗೆಯವರನ್ನು ಬಿಡುತ್ತೀರಾ ಅಥವಾ ನಿಮ್ಮವರೇ ಆಗಬೇಕಾ? ಹಿಂದಿನ ದಿನ ಎಷ್ಟು ಗಂಟೆಗೆ ಬೀಗ ತೆಗೆಯುತ್ತೀರಿ, ಮಾರನೇ ದಿನ ಎಷ್ಟಕ್ಕೆ ಬಿಡಬೇಕು, ತಡವಾದರೆ ಗಂಟೆಗೆ ಎಷ್ಟು? ಬೆಳಗಿನ ಜಾವ ನಾಲ್ಕಕ್ಕೆ ಎಷ್ಟು ಜನಕ್ಕೆ ಬಿಸಿನೀರು ಸಿಗುತ್ತದೆ? ಕೊನೆಯದನ್ನು ಯಾರೂ ಕೇಳುವುದಿಲ್ಲ. ದೂರದಿಂದ ಬಂದ ನೂರು ಜನಕ್ಕೆ ಆರು ಬಚ್ಚಲು ಎಂದರೆ ಮುಹೂರ್ತ ಮೀರುವುದು ಪುರೋಹಿತರಿಂದ ಅಲ್ಲ, ಬಚ್ಚಲಿನಿಂದ. ಜಿಎಸ್‌ಟಿ ನೋಂದಣಿ ಇರುವ ಮಂಟಪವಾದರೆ ಬಾಡಿಗೆಯ ಮೇಲೆ ಶೇ. 18 ಸೇರುತ್ತದೆ. ಒಂದು ಲಕ್ಷ ಎಂದು ಹೇಳಿದ್ದು 1,18,000 ಆಗುತ್ತದೆ, ಅದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ.

ತಿಂಗಳು, ವಾರ ಆರಿಸುವಲ್ಲೂ ಸ್ವಲ್ಪ ಉಳಿಸಬಹುದು. ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕ ಮಾಸಗಳಲ್ಲಿ ಮಂಟಪಗಳು ಖಾಲಿ ಹೊಡೆಯುತ್ತವೆ. ಹಿರಿಯರು ಆ ತಿಂಗಳುಗಳಿಗೆ ಒಪ್ಪುವುದಿಲ್ಲ, ಒಪ್ಪಿಸಲು ಹೋಗಬೇಡಿ. ಆದರೆ ಆ ತಿಂಗಳುಗಳ ಹಿಂದೆ ಮುಂದೆ ಲಗ್ನಗಳು ಒತ್ತಿಕೊಂಡು ಬರುತ್ತವೆ, ಅಡುಗೆಯವರು ಒಂದೇ ದಿನ ಮೂರು ಕಡೆ ಒಪ್ಪಿಕೊಂಡಿರುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ, ನಿಜ ಜ್ಯೇಷ್ಠದ ಬೆನ್ನಿಗೇ ಆಷಾಢ. ಅಂಥ ವರ್ಷದಲ್ಲಿ ಮುಂಚೆಯೇ ಕಾದಿರಿಸಬೇಕು. ಭಾನುವಾರದ ಲಗ್ನ ಬಿಟ್ಟು ಬುಧವಾರವೋ ಗುರುವಾರವೋ ಹಿಡಿದರೆ ಎಲ್ಲರೂ ದರದಲ್ಲಿ ಬಗ್ಗುತ್ತಾರೆ, ಮುಖ್ಯವಾಗಿ ಒಳ್ಳೆಯ ಅಡುಗೆಯವರು ಸಿಗುತ್ತಾರೆ.

ಶಾಸ್ತ್ರಗಳು. ನಿಮ್ಮಲ್ಲಿ ಬೆಳಗಿನ ಲಗ್ನಕ್ಕೆ ಧಾರೆ, ಅವರಲ್ಲಿ ಮಧ್ಯಾಹ್ನ ಅಕ್ಕಿಕಾಳು, ಅಂದರೆ ಅಕ್ಷತೆ. ನಿಮ್ಮ ಪುರೋಹಿತರನ್ನೂ ಅವರ ಕಡೆಯ ಅಯ್ಯನವರನ್ನೂ ಒಂದು ತಿಂಗಳು ಮೊದಲೇ ಫೋನಿನಲ್ಲಿ ಮಾತಾಡಿಸಿ, ಗಂಟೆ ಹಾಕಿ ಒಂದು ಹಾಳೆ ಬರೆಯಿರಿ. ಸುರಗಿ ಸುತ್ತುವುದು, ಅರಿಶಿನ, ಬಳೆ ಇವು ಅವರವರ ಮನೆಯಲ್ಲೇ ಆಗಿಬರಲಿ. ಮಂಟಪದಲ್ಲಿ ಒಂದೇ ತಾಳಿ, ಒಂದೇ ಹೊತ್ತು. ವೇದಿಕೆಯ ಮೇಲೆ ಇಬ್ಬರು ಮೈಕ್ ಹಿಡಿದು ಯಾವುದು ಮೊದಲು ಎಂದು ಚರ್ಚೆ ಮಾಡಿದ ಮದುವೆಗಳಲ್ಲಿ ನಾಗಸ್ವರದವರಿಗೆ ಗಟ್ಟಿಮೇಳ ಯಾವಾಗ ಬಾರಿಸಬೇಕೆಂದೇ ಗೊತ್ತಾಗುವುದಿಲ್ಲ.

ಮಂತ್ರಮಾಂಗಲ್ಯದ ಬಗ್ಗೆ ಗೆಳೆಯರು ಹೇಳಿದ್ದು ಅರ್ಧ ಸರಿ. ಕುವೆಂಪು ಅದನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿದರು. ಆಡಂಬರ ಇಲ್ಲ, ವರದಕ್ಷಿಣೆ ಇಲ್ಲ, ಅರ್ಥವಾಗುವ ಕನ್ನಡದಲ್ಲಿ ಪ್ರತಿಜ್ಞೆ. ನನಗೆ ಬಹಳ ಗೌರವ ಇರುವ ಪದ್ಧತಿ. ಆದರೆ ಖರ್ಚು ಉಳಿಯಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಡಿಯಬೇಡಿ. ಅದರಲ್ಲಿ ನಿಮಗಿಬ್ಬರಿಗೂ ನಂಬಿಕೆ ಇರಬೇಕು, ಕೂತು ನೋಡುವ ಅಜ್ಜಿಗೂ ಇದು ಮದುವೆ ಎನ್ನಿಸಬೇಕು. ಕಾನೂನಿನದೂ ಒಂದು ಮಾತು ಇದೆ. 1955ರ ಹಿಂದೂ ವಿವಾಹ ಕಾಯ್ದೆ ವಧುವಿನ ಅಥವಾ ವರನ ಕಡೆಯ ರೂಢಿಯ ಶಾಸ್ತ್ರಗಳನ್ನು ಕೇಳುತ್ತದೆ. ಶಾಸ್ತ್ರವೇ ನಡೆಯದೆ ಬರೀ ನೋಂದಣಿಯಿಂದ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಮಿಳುನಾಡು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆಂದು ಆ ಕಾಯ್ದೆಗೆ 7ಎ ಎಂಬ ಸೆಕ್ಷನ್ ಸೇರಿಸಿಕೊಂಡಿದೆ, ನಮ್ಮಲ್ಲಿ ಅಂಥದ್ದಿಲ್ಲ. ಆದ್ದರಿಂದ ಶಾಸ್ತ್ರ ಬೇಡ ಎಂದು ತೀರ್ಮಾನಿಸಿದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಹೋಗುವುದು ಕ್ಷೇಮ. ನಿಮ್ಮಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿ ಬೇಕು. ಲಗ್ನಪತ್ರಿಕೆ ಅಚ್ಚು ಹಾಕಿಸಿದ ಮೇಲೆ ಈ ನೋಟಿಸ್ ನೆನಪಾಗಿ ಓಡಾಡಿದವರಿದ್ದಾರೆ. ಶಾಸ್ತ್ರ ಇಟ್ಟುಕೊಂಡರೆ ನಿಮಗೆ ಈ ತೊಂದರೆ ಇಲ್ಲ. ಲಿಂಗಾಯತರನ್ನು ಹಿಂದೂ ವಿವಾಹ ಕಾಯ್ದೆ ಹೆಸರು ಹಿಡಿದೇ ಒಳಗೆ ಸೇರಿಸಿದೆ, ಜಾತಿ ಬೇರೆ ಎನ್ನುವುದು ಅಡ್ಡಿಯಲ್ಲ.

ಹೂವು, ಫೋಟೊ, ಮೇಕಪ್ ಬಗ್ಗೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಜೊತೆ ಎಚ್‌ಯುಐಡಿ ನೋಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾಗಿ ಕೊಡುವ, ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಗುರುತು, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯನ್ನು ಅದಿಲ್ಲದೆ ಮಾರುವಂತಿಲ್ಲ. ಒಟ್ಟು ಹಣದಲ್ಲಿ ಒಂದು ಲಕ್ಷ ಎತ್ತಿ ಪಕ್ಕಕ್ಕಿಟ್ಟು, ನಮ್ಮ ಹತ್ತಿರ ಇರುವುದೇ 8 ಲಕ್ಷ ಎಂದುಕೊಳ್ಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ನಾವೇ ನಿಂತು ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು. 300 ಜನದ ಮದುವೆಗೆ ಇವೆಂಟ್‌ನವರು ಬೇಕಿಲ್ಲ. ಆದರೆ 'ನಿಂತು' ಎಂದಿರಲ್ಲ, ಅದನ್ನು ಹಿಂದಿನ ದಿನ ಮಧ್ಯಾಹ್ನಕ್ಕೇ ನಿಲ್ಲಿಸಬೇಕು. ನಮ್ಮ ಮಂಟಪದಲ್ಲೇ ಆದ ಒಂದು ಮದುವೆ. ಹುಡುಗಿ ನಿಮ್ಮ ಹಾಗೆಯೇ ಜಾಣೆ, ಎಲ್ಲ ಅವಳದೇ ಲೆಕ್ಕ. ಹಸೆಮಣೆಯ ಮೇಲೆ ಕೂತಿದ್ದಾಳೆ, ಬಾಸಿಂಗ ಕಟ್ಟಿದ್ದಾರೆ, ಸೀರೆಯ ಮಡಿಲಲ್ಲಿ ಫೋನು. ಹೂವಿನವನಿಗೆ ದುಡ್ಡು ಕಳಿಸುತ್ತಿದ್ದಾಳೆ, ಹೋಗುತ್ತಿಲ್ಲ. ಬೆಳಗಿನಿಂದ ಅಡುಗೆಯವರಿಗೆ, ಜನರೇಟರಿನವನಿಗೆ ಕಳಿಸಿ ಕಳಿಸಿ ಯುಪಿಐನ ದಿನದ ಒಂದು ಲಕ್ಷದ ಮಿತಿ ಮುಗಿದಿತ್ತು. ಅಷ್ಟರಲ್ಲಿ ಉಗ್ರಾಣದಿಂದ ಒಬ್ಬ ಬಂದು, 'ಅಕ್ಕಾ, ಬೀಗದ ಕೈ ಕೊಡಿ, ವೀಳ್ಯದೆಲೆ ಒಳಗೇ ಉಳಿದಿದೆ' ಎಂದ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈ ತೆಗೆಯಲು ಹೋಗುವಷ್ಟರಲ್ಲಿ ಅಪ್ಪ ಧಾರೆಗೆ ಕೈ ಹಿಡಿದರು. ಹುಡುಗಿ ಅತ್ತಳು. ತವರು ಬಿಡುವ ದುಃಖ ಎಂದುಕೊಂಡು ಸೋದರತ್ತೆಯರು ತಾವೂ ಅತ್ತರು.

ಉಗ್ರಾಣದ ಬೀಗದ ಕೈ ನಿಮ್ಮ ಹತ್ತಿರ ಇರಕೂಡದು. ತಂದೆಯವರ ಹತ್ತಿರವೂ ಬೇಡ, ಅವರಿಗೆ ಬಂದವರನ್ನು ಮಾತಾಡಿಸುವ ಕೆಲಸ ಇದೆ. ಸೋದರಮಾವನಂಥವರು, ಸ್ವಲ್ಪ ಜಿಪುಣ ಎಂದು ಹೆಸರಿದ್ದರೆ ಇನ್ನೂ ಒಳ್ಳೆಯದು, ಅಂಥವರೊಬ್ಬರನ್ನು ಈಗಲೇ ಕೇಳಿಕೊಳ್ಳಿ. ತೆಂಗಿನಕಾಯಿ, ಬೆಲ್ಲ, ವೀಳ್ಯ, ತಾಂಬೂಲದ ಚೀಲ ಎಲ್ಲ ಎಣಿಸಿ ಒಳಗಿಟ್ಟು ಅವರು ಬೀಗ ಹಾಕಿದ ಮೇಲೆ ಏನು ಕಮ್ಮಿ ಬಿದ್ದರೂ ಜನ ಅವರನ್ನೇ ಕೇಳಬೇಕು. ಬಾಕಿ ಕೊಡುವುದನ್ನು ಇನ್ನೊಬ್ಬರಿಗೆ ವಹಿಸಿ, ನಿಮ್ಮ ಗೆಳತಿಯೇ ಆಗಬಹುದು. ಹಿಂದಿನ ವಾರವೇ ನಗದು ತೆಗೆದು, ನಾಗಸ್ವರ, ಪುರೋಹಿತರು, ಹೂವಿನವರು, ಪಾತ್ರೆ ತೊಳೆಯುವವರು, ಜನರೇಟರು ಎಂದು ಒಂದೊಂದು ಕವರಿನ ಮೇಲೆ ಹೆಸರು, ಕೊಟ್ಟ ಮುಂಗಡ, ಕೊಡಬೇಕಾದ ಬಾಕಿ ಬರೆದು ಅವಳ ಕೈಗೆ ಕೊಡಿ. ಪಾತ್ರೆ ತೊಳೆಯುವವರ ಕವರಿನಲ್ಲಿ ನೂರು ಹೆಚ್ಚೇ ಇರಲಿ, ಎಲ್ಲರೂ ಹೋದ ಮೇಲೆ ಉಳಿಯುವವರು ಅವರೇ. ಮುಯ್ಯಿ ಬರೆಯಲು ಅಕ್ಷರ ಚೆನ್ನಾಗಿರುವ, ಊರಿನವರ ಮುಖ ಬಲ್ಲ ಒಬ್ಬರು. ಧಾರವಾಡದವರನ್ನು ಸ್ಟೇಷನ್ನಿನಿಂದ ಕರೆತರಲು ಇನ್ನೊಬ್ಬರು. ನಾಲ್ಕೂ ಜನರ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಊಟದ ಮನೆಯ ಬಾಗಿಲಿಗೆ ಅಂಟಿಸಿ. ಅದರಲ್ಲಿ ನಿಮ್ಮ ನಂಬರ್ ಬೇಡ. ಫೋನನ್ನೇ ಹಿಂದಿನ ರಾತ್ರಿ ತಂಗಿಗೆ ಕೊಟ್ಟುಬಿಡಿ.

ಲಗ್ನಪತ್ರಿಕೆಯ ನಾಲ್ಕು ಪ್ರತಿಯನ್ನು ಯಾರಿಗೂ ಕೊಡದೆ ಎತ್ತಿಡಿ. ವಿವಾಹ ನೋಂದಣಿಗೆ ವಯಸ್ಸಿನ ಮತ್ತು ವಿಳಾಸದ ದಾಖಲೆ, ಮದುವೆಯ ಫೋಟೊ, ಸಾಕ್ಷಿಗಳ ಜೊತೆ ಪತ್ರಿಕೆಯನ್ನೂ ಕೇಳುತ್ತಾರೆ, ಅಷ್ಟು ಹೊತ್ತಿಗೆ ಮನೆಯಲ್ಲಿ ಒಂದೂ ಉಳಿದಿರುವುದಿಲ್ಲ.